ಒಬ್ಬರಿಗೆಂದು ಹೊಲಿದ ಮಾಸಿಕ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಚಿಟಿಕೆ ಮೈಲುತುತ್ತ ಹಾಕಿ ಸಣ್ಣ ಉರಿಯಲ್ಲಿ ಕುದಿಸಿದರೆ ಪುಸ್ತಕದ ಅಂಟು ಆಗುತ್ತದೆ. ಇವತ್ತಿಗೂ ಆ ವಾಸನೆ ಎಲ್ಲಿಂದಲಾದರೂ ಬಂದರೆ ಮಾಡುತ್ತಿರುವ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ಮನೆಯವರು 'ಹೋದಳು ನೋಡು ಹೊಸಪೇಟೆಗೆ' ಎಂದು ನಗುತ್ತಾರೆ. ಹೋಗುವುದೂ ನಿಜ. ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ ಅಪ್ಪನ ಬೈಂಡಿಂಗ್ ಅಂಗಡಿ, ಬಾಗಿಲಿನಿಂದ ಓರೆಯಾಗಿ ಬೀಳುವ ಬಿಸಿಲು, ಆ ಬಿಸಿಲಿನಲ್ಲಿ ಯಾವ ಅವಸರವೂ ಇಲ್ಲದೆ ತೇಲುವ ಕೆಂಪು ಧೂಳು. ಅಲ್ಲಿ ಕೂತು ನಾನು ಒಬ್ಬೊಬ್ಬ ಓದುಗರಿಗೆ ಒಂದೊಂದು ಮಾಸಿಕ ಹೊಲಿಯುತ್ತಿದ್ದೆ. ಅವುಗಳಲ್ಲಿ ಒಂದು ಕಂಪ್ಲಿಗೆ ಹೋಗುತ್ತಿತ್ತು. ಹುಟ್ಟಬೇಕಿದ್ದ ಒಂದು ಕೂಸಿನ ಸಲುವಾಗಿ ಶುರುವಾದ ಆ ಮಾಸಿಕವನ್ನು ಯಾವಾಗ ನಿಲ್ಲಿಸಬೇಕಿತ್ತು ಎಂಬುದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ನಮ್ಮೂರಿನ ಮೇಲೆ ಹಾದು ಹೋಗುತ್ತಿದ್ದವು. ಒಣಹಾಕಿದ ಬಟ್ಟೆ, ಹಪ್ಪಳ, ಬೇವಿನ ಎಲೆ, ಎಮ್ಮೆಯ ಬೆನ್ನು, ಎಲ್ಲದಕ್ಕೂ ಒಂದೇ ಬಣ್ಣ. ನಿನ್ನೆಯವರೆಗೆ ಸೈಕಲ್ ತುಳಿದವರು ಇವತ್ತು ಕಾರಿನ ಗಾಜು ಇಳಿಸದೆ ಮಾತಾಡುವಂತಾದರು. ಅಂಥ ಮನೆಗಳಿಗೆ ನುಣುಪು ಕಾಗದದ ಪತ್ರಿಕೆಗಳೂ ಬರತೊಡಗಿದವು, ಟೀಪಾಯಿಯ ಮೇಲೆ ಇಡಲಿಕ್ಕೆ. ಯಾರೂ ಬಿಡಿಸಿ ನೋಡದ ಆ ಪತ್ರಿಕೆಗಳು ತಿಂಗಳು ತುಂಬುತ್ತಲೇ ರದ್ದಿ ಅಂಗಡಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬರುತ್ತಿದ್ದವು. ಅಪ್ಪ ಅವನ್ನು ರಟ್ಟಿನ ಒಳಪದರಕ್ಕೆ ಅಂಟಿಸುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು. ಡಿಗ್ರಿ ಮುಗಿಸಿ, ನೋಡಲು ಬಂದ ಗಂಡುಗಳನ್ನೆಲ್ಲ ಏನಾದರೊಂದು ನೆವ ತೆಗೆದು ಸಾಗಹಾಕುತ್ತ, ಚಿತ್ತವಾಡ್ಗಿಯ ಮನೆಯಿಂದ ದಿನಾ ಬಂದು ಅಂಗಡಿಯಲ್ಲಿ ಅಂಟು ಕಲಸುತ್ತಿದ್ದವಳು ನಾನು. ಓದದೆ ಬಿಟ್ಟ ಪುಟ ಕಂಡರೆ, ಎಲೆಯಲ್ಲಿ ಅನ್ನ ಬಿಟ್ಟು ಎದ್ದವರನ್ನು ಕಂಡಷ್ಟೇ ಸಿಟ್ಟು ಬರುತ್ತಿತ್ತು.

ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ಕೂಡಿಟ್ಟು, ಮುಗಿದ ಮೇಲೆ ಬೈಂಡ್ ಹಾಕಿಸಿಕೊಳ್ಳುವ ರೂಢಿ ಆಗ ಓದುವ ಮನೆಗಳಲ್ಲೆಲ್ಲ ಇತ್ತು. ಟಿ.ಬಿ. ಡ್ಯಾಂನ ಕ್ವಾರ್ಟರ್ಸಿನಲ್ಲಿದ್ದ ಕಾಲುವೆ ಆಫೀಸಿನ ಗುಮಾಸ್ತರೊಬ್ಬರು ಒಮ್ಮೆ ಒಂದು ಚೀಲ ಹಳೆಯ ಪತ್ರಿಕೆ ತಂದು, ಬೇಟೆಯ ಕಥೆಗಳನ್ನು ಮತ್ತು ಪದಬಂಧಗಳನ್ನು ಮಾತ್ರ ಹೊಲಿದು ಕೊಡು, ಉಳಿದದ್ದು ನನಗೆ ಬೇಕಾಗಿಲ್ಲ ಎಂದರು. ನಾನು ಅಷ್ಟಕ್ಕೇ ಬಿಡಲಿಲ್ಲ. ರದ್ದಿಯ ರಾಶಿಯಲ್ಲಿ ಸಿಕ್ಕ ಹುಲಿ, ಚಿರತೆ, ಕಾಡುಹಂದಿಗಳನ್ನೆಲ್ಲ ಹುಡುಕಿ ಸೇರಿಸಿ, ಮೇಲೊಂದು ಮುಖಪುಟ ಅಂಟಿಸಿ, ಅದರ ಮೇಲೆ ಅವರ ಹೆಸರನ್ನೂ ತಿಂಗಳನ್ನೂ ಬರೆದು ಕೊಟ್ಟೆ. ಹೆಂಡತಿಗೂ ಹೆದರದ ಆ ಮನುಷ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಇಷ್ಟು ವರ್ಷದಲ್ಲಿ ತನಗೆಂದೇ ಯಾರೂ ಏನೂ ಮಾಡಿಕೊಟ್ಟಿರಲಿಲ್ಲ ಎಂದರು. ಆ ಮಾತು ನನ್ನ ತಲೆಗೆ ಏರಿತು.

ಸುದ್ದಿ ಹರಡಿತು. ಹಂಪಿಯ ಅರ್ಚಕರ ಮನೆಯ ಅಮ್ಮನವರಿಗೆ ರಂಗೋಲಿ ಮತ್ತು ಪತ್ತೇದಾರಿ ಕಥೆ. ಸಂಡೂರಿನ ಲಾರಿ ಮಾಲೀಕರೊಬ್ಬರಿಗೆ ಬರೀ ಕಾರುಗಳು. ಹೀಗೆ ಒಂದು ಡಜನ್ ಓದುಗರಾದರು. ಯಾರಿಗೆ ಏನು ಹಿಡಿಸುತ್ತದೆ ಎಂದು ಬರೆದಿಟ್ಟುಕೊಂಡ ಚೀಟಿಗಳನ್ನು ದಾರಕ್ಕೆ ಪೋಣಿಸಿ ಗೂಟಕ್ಕೆ ತೂಗುಹಾಕಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಆಯಾ ಊರಿನ ಕಂಡಕ್ಟರರ ಕೈಗೆ ಕಟ್ಟು ಕೊಟ್ಟರೆ ಸಂಜೆಯೊಳಗೆ ಮುಟ್ಟುತ್ತಿತ್ತು, ಅವರಿಂದಲೇ ಉತ್ತರದ ಚೀಟಿ ಬರುತ್ತಿತ್ತು. ನಾನು ಏನೋ ದೊಡ್ಡ ಸಂಪಾದಕಿಯಂತೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ತಿರುಗುತ್ತಿದ್ದೆ.

ತೊಡಕು ಇರಲಿಲ್ಲವೆಂದಲ್ಲ. ವರ್ಷ ತುಂಬುವಷ್ಟರಲ್ಲಿ ಹಂಪಿಯ ಅಮ್ಮನವರು, ನನಗಿರೋದು ಒಂದೇ ಅಂಗಳ, ನೀನು ಕಳಿಸಿದ ರಂಗೋಲಿ ಹಾಕಬೇಕಾದರೆ ವಿರೂಪಾಕ್ಷನ ಬೀದಿಯನ್ನೇ ಗುಡಿಸಬೇಕಾಗುತ್ತದೆ ಎಂದು ಚೀಟಿ ಬರೆದರು. ಒಂದು ರಂಗೋಲಿಯನ್ನು ಹೊಗಳಿದ ತಪ್ಪಿಗೆ ಅವರಿಗೆ ನಾನು ಹನ್ನೆರಡು ತಿಂಗಳು ರಂಗೋಲಿ ಸುರಿದಿದ್ದೆ. ನಾನು ನಕ್ಕು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ನಗಲಿಲ್ಲ. ದಬ್ಬಣಕ್ಕೆ ದಾರ ಪೋಣಿಸುತ್ತಲೇ ಹೇಳಿದ:

"ಎಲ್ಲಾರ ಸಲುವಾಗಿ ಮಾಡಿದ್ದು ಬೀದ್ಯಾಗ ಇರ್ತೈತಿ, ಬೇಕಾದಾಂವ ಬಂದು ತಗೋತಾನ. ಒಬ್ಬರ ಸಲುವಾಗಿ ಮಾಡಿದ್ದು ಅವರ ಮನಿ ಒಳಗ ಹೊಕ್ಕತೈತಿ. ಒಳಗ ಏನೈತಿ ಗೊತ್ತಿಲ್ದ ಹೋಗಬಾರದವ್ವ."

ಅಪ್ಪ ಮಾತಾಡುವುದೇ ಅಪರೂಪ, ಮಾತಾಡಿದರೆ ಹಿಂಗೆ ಎಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಂಪ್ಲಿಯ ಅಕ್ಕ ಬಂದದ್ದು ಆ ದಿನಗಳಲ್ಲೇ. ಅಕ್ಕಿ ಗಿರಣಿಯವರ ಮನೆಯ ಸೊಸೆ, ನನಗಿಂತ ಏಳೆಂಟು ವರ್ಷ ದೊಡ್ಡವಳು. ಅತ್ತೆಯ ಪೂಜೆಯ ಪುರಾಣದ ಪುಸ್ತಕದ ಬೆನ್ನು ಬಿಟ್ಟಿತ್ತೆಂದು ಗಂಡನ ಜೊತೆ ತಂದಿದ್ದಳು. ಗಂಡ ಮಾರುಕಟ್ಟೆಯ ಕಡೆ ಹೋದ ಮೇಲೆ ಗೂಟದ ಚೀಟಿಗಳನ್ನು ಒಂದೊಂದಾಗಿ ಓದಿ ನಕ್ಕಳು. ಹುಲಿಯ ಗುಮಾಸ್ತರ ಸುದ್ದಿ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ತನಗೂ ಒಂದು ಬೇಕು ಎಂದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಸಿರು ನಿಂತಿದೆ, ಈಗ ಮೂರು ತಿಂಗಳು. ತವರು ಸಂಡೂರು, ಆದರೆ ತಾಯಿ ಇಲ್ಲ. ಕೇಳಿ ತಿಳಿಯಬೇಕೆಂದರೆ ಅತ್ತೆಯ ಹತ್ತಿರ ನಾಚಿಕೆ. ಹೊಟ್ಟೆಯಲ್ಲಿ ಯಾವ ತಿಂಗಳಲ್ಲಿ ಏನಾಗುತ್ತದೆ, ಹುಟ್ಟಿದ ಮೇಲೆ ಏನು ಮಾಡಬೇಕು, ಎಲ್ಲ ಬೇಕು. ಜೋಗುಳ ಬೇಕು. ಸಂಡೂರಿನ ಗುಡ್ಡಗಳು ಹಸಿರಾಗಿದ್ದಾಗಿನ ಚಿತ್ರ ಸಿಕ್ಕರೆ ಅದೂ ಬೇಕು, ಕೂಸಿಗೆ ತೋರಿಸಲಿಕ್ಕೆ.

"ಅಳೋ ಕಥಿ ಒಂದೂ ಬ್ಯಾಡ ತಂಗಿ," ಎಂದಳು. "ಅಕಸ್ಮಾತ್ ಹಾಳಿ ಹಿಂದ ಇದ್ರೂ ಮುಚ್ಚಿ ಅಂಟಿಸಿಬಿಡು."

ಹಾಗೇ ಮಾಡಿದೆ. ಲೇಖನದ ಹಿಂಬದಿಗೆ ಅಪಘಾತದ ಸುದ್ದಿಯಿದ್ದರೆ ಅದರ ಮೇಲೆ ಹೂವಿನ ಚಿತ್ರ. ಕಥೆಯ ಕೊನೆಯಲ್ಲಿ ಮುದುಕಿ ಸತ್ತರೆ ಸಾಯುವ ಮೊದಲೇ ಕತ್ತರಿ. ನಾಲ್ಕನೆಯ ತಿಂಗಳು, ಐದನೆಯದು, ಆರನೆಯದು. ಏಳರಲ್ಲಿ ಸೀಮಂತದ ಕುಬಸ ಮಾಡಿದರೆಂದು ಕಾಣುತ್ತದೆ. ಕಂಡಕ್ಟರ್ ತಂದ ಚೀಟಿಯ ಜೊತೆ ಅಂಗೈಯಗಲ ಹಸಿರು ಖಣದ ತುಂಡುಗಳಿದ್ದವು. ಮುಂದಿನವಕ್ಕೆಲ್ಲ ಬೆನ್ನಿಗೆ ಇದೇ ಬಟ್ಟೆ ಹಾಕು ಎಂದು ಬರೆದಿದ್ದಳು. ಕುಬಸದ ಖಣವನ್ನು ರಟ್ಟಿಗೆ ಅಂಟಿಸುವಾಗ ನನ್ನ ಕೈ ತಾನಾಗಿಯೇ ಮೆತ್ತಗಾಗುತ್ತಿತ್ತು.

ಒಂಬತ್ತನೆಯ ತಿಂಗಳ ಸಂಚಿಕೆ ಹೋಯಿತು. ಅದರ ಮುಂದಿನದರಲ್ಲಿ ಬೆರಳೆಣಿಸಿ ಕೂಸನ್ನು ಹುಟ್ಟಿಸಿದೆ. ಎಣ್ಣೆ ನೀರು, ಬಾಣಂತಿಗೆ ಅಂಟಿನುಂಡಿ, ಕೂಸು ನಿದ್ದೆಯಲ್ಲಿ ಯಾಕೆ ನಗುತ್ತದೆ ಎಂಬ ಒಂದು ಪುಟ್ಟ ಲೇಖನ. ಉತ್ತರದ ಚೀಟಿ ಬರಲು ತಡವಾಯಿತು. ಬಂದಾಗ ಇಷ್ಟೇ ಇತ್ತು: 'ಮುಟ್ಟಿತು. ಮುಂದಿನದು ಕಳಿಸು.'

ನಾನು ಕೇಳಬಹುದಿತ್ತು. ಗಂಡೋ ಹೆಣ್ಣೋ, ಹೇಗಿದೆ ಎಂದು ಒಂದು ಸಾಲು ಬರೆಯಬಹುದಿತ್ತು. ಆದರೆ ಅವ್ವ ನಮ್ಮನ್ನು ಬೆಳೆಸಿದ್ದೇ ಹಾಗೆ. ಇನ್ನೊಬ್ಬರ ಕೂಸಿನ ಸುದ್ದಿಯನ್ನು ಕೆದಕಬಾರದು, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಚೆಂದ ಇದೆ ಅನ್ನಬಾರದು, ಎಷ್ಟು ತಿಂಗಳಾಯಿತೆಂದು ಎಣಿಸಬಾರದು, ದೃಷ್ಟಿಯಾಗುತ್ತದೆ. ಒಂಬತ್ತು ವರ್ಷ ಕಾದು ಪಡೆದ ಕೂಸಿಗೆ ನನ್ನ ಕಣ್ಣು ತಾಗುವುದು ಬೇಡವೆಂದು ನಾನು ಬಾಯಿ ಮುಚ್ಚಿಕೊಂಡೆ. ಆಕೆಯೂ ಅದಕ್ಕೇ ಬರೆಯುತ್ತಿಲ್ಲ ಎಂದುಕೊಂಡೆ. ಇಬ್ಬರೂ ಎಷ್ಟು ಸಂಭಾವಿತರು ನೋಡಿ.

ಹೆಣ್ಣು ಎಂದು ನಾನೇ ತೀರ್ಮಾನಿಸಿದೆ. ರದ್ದಿಯಲ್ಲಿ ಫ್ರಾಕಿನ ಚಿತ್ರಗಳು ಹೆಚ್ಚು ಸಿಗುತ್ತಿದ್ದವು, ಕಾರಣ ಅಷ್ಟೇ. ಮೂರನೆಯ ತಿಂಗಳಿಗೆ ಕತ್ತು ನಿಂತಿತು. ಐದಕ್ಕೆ ಬೋರಲು ಬಿತ್ತು. ಅಂಬೆಗಾಲಿನ ಸಂಚಿಕೆ ಮಾಡುವಾಗ ಅಂಟಿನ ಬಟ್ಟಲನ್ನು ನೆಲದಿಂದ ಎತ್ತಿ ಮೇಲಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ, ಆಮೇಲೆ ನಾಚಿಕೆಯಾಯಿತು. ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಅಂಗಡಿಯಲ್ಲಿ ನಾನು, ಧೂಳು, ಬಿಸಿಲು. ಆ ಹೊತ್ತಿನಲ್ಲಿ ನಾನು ಹಾಳೆಯಲ್ಲಿ ಬೆಳೆಸಿದ ಆ ಹುಡುಗಿ ಬರುತ್ತಿದ್ದಳು. ಬಿಸಿಲಿನ ಕೋಲನ್ನು ಹಿಡಿಯಲು ಕೈ ಚಾಚುತ್ತಿದ್ದಳು, ಸಿಗಲಿಲ್ಲವೆಂದು ನನ್ನನ್ನು ನೋಡುತ್ತಿದ್ದಳು. ಬಾರವ್ವ, ಈ ತಿಂಗಳು ನಿನಗೆ ಹಲ್ಲು ಬರುತ್ತವೆ ಎಂದು ನಾನು ಕತ್ತರಿ ಆಡಿಸುತ್ತಿದ್ದೆ. ಒಂದು ಹೆಸರಿಟ್ಟು ಕರೆಯುತ್ತಲೂ ಇದ್ದೆ. ಮದುವೆ ಬೇಡವೆಂದು ಹಟ ಹಿಡಿದವಳಿಗೆ ಇದೆಂಥ ಹುಚ್ಚು ಎಂದು ನನ್ನನ್ನೇ ಬೈದುಕೊಂಡದ್ದುಂಟು. ಆದರೂ ಸುಳ್ಳು ಯಾಕೆ ಹೇಳಲಿ, ನನ್ನ ಇಡೀ ಪ್ರಾಯದಲ್ಲಿ ಅಷ್ಟು ಸುಖವಾದ ಮಧ್ಯಾಹ್ನಗಳು ಬೇರೆ ಇಲ್ಲ.

ವರ್ಷ ತುಂಬುವ ಸಂಚಿಕೆಯನ್ನು ನಾನೇ ಒಯ್ದು ಕೊಡಬೇಕೆನಿಸಿತು. ಮಾರುಕಟ್ಟೆಯಲ್ಲಿ ಒಂದು ಗಿಲಕಿ ಕೊಂಡೆ. ದೃಷ್ಟಿಯಾಗಬಾರದೆಂದು ಅದನ್ನು ಪುಸ್ತಕದ ಕೆಳಗೆ, ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡು ಕಂಪ್ಲಿಯ ಬಸ್ಸು ಹತ್ತಿದೆ. ಊರು ದಾಟುವವರೆಗೆ ಕಿಟಕಿಯ ಹೊರಗೆ ಕೆಂಪು. ಲಾರಿಗಳು ಬೇರೆ ದಾರಿ ಹಿಡಿದ ಮೇಲೆ ಕಾಲುವೆಯ ನೀರು, ಬಾಳೆ, ಕಬ್ಬು, ಗದ್ದೆ. ಪ್ರತಿ ಗುಂಡಿಗೂ ಚೀಲದ ತಳದಲ್ಲಿ ಗಿಲಕಿ ಸಣ್ಣಗೆ ಸದ್ದು ಮಾಡುತ್ತಿತ್ತು.

ಗಿರಣಿಯ ಅಂಗಳದ ತುಂಬ ಭತ್ತ ಹರವಿದ್ದರು. ಆಚೆ ಮನೆ. ನಾನು ಮೊದಲು ನೋಡಿದ್ದು ಬಟ್ಟೆಯ ಹಗ್ಗವನ್ನು. ಎರಡು ಸೀರೆ, ಒಂದು ಪಂಚೆ, ಟವಲ್. ಕೂಸಿರುವ ಮನೆಯ ಹಗ್ಗ ಹಾಗಿರುವುದಿಲ್ಲ. ಆದರೂ ಬುದ್ಧಿಗೆ ಬೇಡದ್ದನ್ನು ಕಣ್ಣು ಕಾಣುವುದಿಲ್ಲವಲ್ಲ. ಹಿತ್ತಲಲ್ಲಿ ಒಣಹಾಕಿರಬೇಕು ಎಂದುಕೊಂಡೇ ಚಪ್ಪಲಿ ಬಿಟ್ಟೆ.

ಅಕ್ಕ ನನ್ನನ್ನು ಕಂಡು ಬೆಳ್ಳಗಾದಳು. ಅತ್ತೆ ಚಹಾ ಇಡಲು ಒಳಗೆ ಹೋದರು. ಚೀಲವನ್ನು ಕೆಳಗಿಡುವಾಗ ಗಿಲಕಿ ಸದ್ದು ಮಾಡಿತು. ಆಕೆ ಆ ಚೀಲವನ್ನೇ ನೋಡಿದಳು. ನಾನು ಮೆಲ್ಲಗೆ, ಮಲಗಿದಾಳೇನ್ರಿ ಅಕ್ಕಾ ಎಂದೆ. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು ಎಂದು ಈಗ ಅನಿಸುತ್ತದೆ.

ಆಕೆ ನನ್ನ ಕೈ ಹಿಡಿದು ಕೋಣೆಗೆ ಕರೆದೊಯ್ದಳು. ಗೋಡೆಯ ಗೂಡಿನಲ್ಲಿ ಹಸಿರು ಬೆನ್ನಿನ ಪುಸ್ತಕಗಳು ಸಾಲಾಗಿ ನಿಂತಿದ್ದವು, ಒಂದರ ಮೇಲೂ ಧೂಳಿರಲಿಲ್ಲ. ಎಂಟು ತಿಂಗಳಾದಾಗ ಹೊಟ್ಟೆಯಲ್ಲಿ ಅಲುಗಾಟ ನಿಂತಿತಂತೆ. ಬಳ್ಳಾರಿಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೆಸರಿಡದ ಕೂಸು; ಆಕೆಗೆ ಮುಖವನ್ನೂ ತೋರಿಸದೆ ಮಣ್ಣು ಮಾಡಿದರು. ಯಾಕೆ ನನಗೆ ಹೇಳಲಿಲ್ಲ ಎಂದು ನಾನು ಕೇಳುವ ಮೊದಲೇ ಆಕೆಯೇ ಹೇಳಿದಳು.

"ಆಸ್ಪತ್ರಿಯಿಂದ ಬಂದ ಮೂರನೇ ದಿನ ನಿನ್ನ ಪುಸ್ತಕ ಬಂತು. ಅದರಾಗ ಕೂಸು ಇನ್ನ ಹೊಟ್ಟ್ಯಾಗ ಇತ್ತು. ಸಿಟ್ಟು ಬಂದು ಒಲಿಗೆ ಹಾಕಾಕ ಹೋದೆ, ಖಣ ನೋಡಿ ಕೈ ಬರಲಿಲ್ಲ. ಮುಂದಿನ ತಿಂಗಳು ಹುಟ್ಟಿ ಬಂತು. ಮನ್ಯಾಗ ಎಲ್ಲಾರೂ ಮುಗೀತು ಅಂದ್ರು, ಅದರ ಸುದ್ದಿ ಎತ್ತಂಗಿಲ್ಲ. ನೀ ಒಬ್ಬಾಕಿನ ಮುಗಸಲಿಲ್ಲ."

ಗೂಡಿನಿಂದ ಒಂದು ಸಂಚಿಕೆ ಎಳೆದು ತೆರೆದು ಕೇಳಿದಳು: "ಹೆಣ್ಣು ಅಂತ ನಿನಗ ಹೆಂಗ ಗೊತ್ತಾತು? ನಮ್ಮನ್ಯಾಗ ನನಗೂ ಹೇಳಿರಲಿಲ್ಲ. ನರ್ಸಮ್ಮ ಹೇಳಿದ್ಲು."

ಫ್ರಾಕಿನ ಚಿತ್ರಗಳು ಜಾಸ್ತಿ ಸಿಕ್ಕಿದ್ದವು ಎಂದು ಹೇಳಲಿಕ್ಕಾಗುತ್ತದೆಯೇ? ನಾನು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಸಮಾಧಾನ ಮಾಡಬೇಕಾದವಳು ನಾನು, ಬೆನ್ನು ಸವರಿದ್ದು ಆಕೆ. ಆಮೇಲೆ ಚೀಲದಿಂದ ಹೊಸ ಸಂಚಿಕೆಯನ್ನು ತಾನೇ ತೆಗೆದು, ಪುಟ ತಿರುಗಿಸಿ, ನಡೀತಾಳ ಈಗ ಎಂದು ಮೆಲ್ಲಗೆ ನಕ್ಕಳು. ಡಾಕ್ಟರು ಮತ್ತೊಂದಕ್ಕೆ ನೋಡಿ ಎಂದಿದ್ದಾರೆ, ನಾನೇ ಒಲ್ಲೆ ಎಂದಿದ್ದೇನೆ ಎಂದಳು. ಯಾಕೆ ಎಂದೆ. ಇದು ಇನ್ನೂ ಸಣ್ಣದಿದೆಯಲ್ಲ ಎಂದಳು.

ಬಸ್ಸಿಗೆ ಹೊರಟಾಗ ಅತ್ತೆ ಭತ್ತದ ಅಂಚಿನವರೆಗೆ ಬಂದರು. "ನಿನ್ನ ಪುಸ್ತಕ ಬಂದ ದಿನ ಎರಡು ತುತ್ತು ಹೆಚ್ಚಿಗಿ ಉಣತಾಳ," ಎಂದರು. "ಆದ್ರ ನಮ್ಮ ಯಾರ ಜೋಡಿನೂ ಮಾತಿಲ್ಲ, ಕತಿಯಿಲ್ಲ. ಅದರೊಳಗ ಇರ್ತಾಳ. ನನಗ ಏನೂ ತಿಳೀವಲ್ದು. ನೀನ ಏನರ ಮಾಡವ್ವ."

ಅವತ್ತು ಊರಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ನಾನು ಆಗಲೇ ಹೇಳಿದ್ದೆನಲ್ಲ ಎಂದು ಅಪ್ಪ ಅನ್ನಲಿಲ್ಲ. ನನ್ನ ಹತ್ತಿರ ಎರಡನೆಯ ವರ್ಷಕ್ಕೆಂದು ಕತ್ತರಿಸಿ ಕೂಡಿಟ್ಟ ಹಾಳೆಗಳ ಒಂದು ಲಕೋಟೆಯಿತ್ತು: ಮೊದಲ ಮಾತು, ಮೊದಲ ಚಪ್ಪಲಿ, ಚಂದಾಮಾಮನನ್ನು ತೋರಿಸಿ ಉಣಿಸುವುದು. ಅದನ್ನು ಮುಂದಿಟ್ಟುಕೊಂಡು ದಿನಗಟ್ಟಲೆ ಕೂತೆ. ಮುಂದುವರಿಸಿದರೆ ಆಕೆಯನ್ನು ಆ ಗೂಡಿನೊಳಗೆ ಇಟ್ಟು ನಾನೇ ಹೊಲಿಗೆ ಹಾಕಿದಂತೆ. ನಿಲ್ಲಿಸಿದರೆ ಕೂಸು ಎರಡನೆಯ ಸಲ ಸಾಯುತ್ತದೆ, ಈ ಸಲ ನನ್ನ ಕೈಯಲ್ಲಿ. ನನಗೂ ಬಿಡಲು ಮನಸ್ಸಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಒಂದು ಬೆಳಗ್ಗೆ ಅಪ್ಪ ಆ ವಾರದ ಒಂದು ಪತ್ರಿಕೆ ತಂದು ನನ್ನ ಮುಂದಿಟ್ಟ. ಕತ್ತರಿ ಮುಟ್ಟಿಸದ್ದು, ಎಲ್ಲರೂ ಓದುವಂಥದ್ದು.

"ಒಳಗ ಹೊಕ್ಕಿದ್ದೀ," ಎಂದ. "ಈಗ ಆಕಿ ಕೈ ಹಿಡಕೊಂಡು ಹೊರಗ ಬಾ."

ಉಳಿದಿದ್ದ ಖಣದ ತುಂಡನ್ನು ಆ ಪತ್ರಿಕೆಯ ಬೆನ್ನಿಗೆ ಅಂಟಿಸಿ ಹಾಗೇ ಕಳಿಸಿದೆ. ಅದರಲ್ಲಿ ಅದಿರಿನ ಗಲಾಟೆಯಿತ್ತು, ಉಪ್ಪಿನಕಾಯಿಯಿತ್ತು, ಕ್ರಿಕೆಟ್ ಇತ್ತು, ನಡುವೆ ಒಂದು ಅಳುವ ಕಥೆಯೂ ಇತ್ತು. ಚೀಟಿ ಬಂತು: 'ಇದರಾಗ ಆಕಿ ಇಲ್ಲ.' ಆ ಚೀಟಿಯನ್ನು ಗೂಟಕ್ಕೆ ಪೋಣಿಸಲಿಕ್ಕಾಗದೆ ಮಡಚಿ ಇಟ್ಟುಕೊಂಡೆ. ಮುಂದಿನ ತಿಂಗಳೂ ಇಡಿಯ ಪತ್ರಿಕೆಯನ್ನೇ ಕಳಿಸಿದೆ. ಚೀಟಿ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಕಂಪ್ಲಿಯ ಕಂಡಕ್ಟರ್ ದೂರದಿಂದಲೇ ಖಾಲಿ ಕೈ ಅಲ್ಲಾಡಿಸುತ್ತಿದ್ದ. ಆಕೆಗೆ ಏನಾದರೂ ಹೆಚ್ಚುಕಡಿಮೆಯಾದರೆ ಅದು ನನ್ನಿಂದಲೇ ಎಂದುಕೊಂಡು ಅಂಗಡಿಗೆ ಮರಳುತ್ತಿದ್ದೆ.

ಆ ದಿನಗಳಲ್ಲಿಯೇ ಉಳಿದ ಓದುಗರ ಮಾಸಿಕಕ್ಕೂ ಒಂದು ನೇಮ ಮಾಡಿಕೊಂಡೆ. ಹೊಲಿಯುವ ಮೊದಲು ಕಣ್ಣು ಮುಚ್ಚಿ ರಾಶಿಯಿಂದ ಒಂದು ಹಾಳೆ ಎಳೆದು ನಡುವೆ ಸೇರಿಸುವುದು, ಅದು ಏನೇ ಇರಲಿ. ಗುಮಾಸ್ತರಿಗೆ ಸ್ವೆಟರ್ ಹೆಣೆಯುವ ವಿಧಾನ ಹೋಯಿತು. ಇದೇನು ತಮಾಷೆ ಎಂದು ರೇಗಿದರು. ಎರಡು ತಿಂಗಳ ಮೇಲೆ, ಆ ತೋಳಿನ ಅಳತೆಯ ಮುಂದಿನ ಪುಟ ಸಿಗುತ್ತದೆಯೇ, ನಮ್ಮಾಕೆ ಕೇಳುತ್ತಿದ್ದಾಳೆ ಎಂದು ಬಂದು ನಿಂತರು.

ನಾಲ್ಕನೆಯ ತಿಂಗಳು ಕಂಪ್ಲಿಯ ಚೀಟಿ ಬಂತು. ಒಂದೇ ಸಾಲು: 'ನೀ ಆಕಿಗೆ ಏನಂತ ಕರೀತಿದ್ದಿ?'

ನಾನು ಕರೆಯುತ್ತಿದ್ದೆನೆಂದು ಆಕೆಗೆ ಹೇಳಿಯೇ ಇರಲಿಲ್ಲ. ಅಂಗಡಿಗೆ ಬಂದು, ಅಂಟಿನ ಕೈ ತೊಳೆದುಕೊಂಡು, ಒಂದು ಬಿಳಿಯ ಹಾಳೆಯ ನಡುವೆ ದುಂಡಗೆ ಆ ಹೆಸರನ್ನು ಬರೆದೆ. ಆ ತಿಂಗಳ ಇಡಿಯ ಪತ್ರಿಕೆಯ ಮೊದಲ ಪುಟಕ್ಕಿಂತ ಮೊದಲು ಅದನ್ನು ಸೇರಿಸಿ ಹೊಲಿದೆ. ಆ ಹಾಳೆಯ ಜೊತೆ ಗಿಲಕಿಯನ್ನೂ ಕಟ್ಟಿ ಕಳಿಸಿದೆ, ಈ ಸಲ ಬಚ್ಚಿಡದೆ.

ಮೂರನೆಯ ದಿನ ಉತ್ತರ ಬಂತು. ಈ ಒಂದು ಚೀಟಿ ಈಗಲೂ ನನ್ನ ಹತ್ತಿರ, ಎರಡನೆಯ ವರ್ಷದ ಆ ಲಕೋಟೆಯಲ್ಲಿದೆ. 'ಹೆಸರು ಭಾಳ ಚೆಂದೈತಿ. ಅತ್ತಿಗೂ ಹೇಳಿದೆ, ಇಬ್ಬರೂ ಕುಂತು ಅತ್ತಿವಿ. ಇನ್ನ ಮ್ಯಾಲೆ ಅಳೋ ಕಥಿ ಇದ್ರ ಅದನ್ನೂ ಕಳಿಸು.'